ಮಡಚೋ ಚಾವಣಿಯ ಟ್ರೇಲರ್: ವಿಂಚ್ ಬ್ರೇಕಿಗೆ ಗ್ರೀಸ್ ತಾಗಿದರೆ ಏನಾಗುತ್ತದೆ

ನಮಸ್ಕಾರ. ಹಿಂದೆ ಕೇಳ್ತಾ ಇರೋದು ಮಳೆ. ಮೈಕ್ ಸರಿಯಾಗಿಯೇ ಇದೆ. ಕಾರವಾರದ ಹತ್ತಿರ ಸದಾಶಿವಗಡದಲ್ಲಿ ಚಿಕ್ಕಮ್ಮನ ಮನೆ ಅಂಗಳ ಇದು, ತಗಡಿನ ಶೆಡ್ಡಿನ ಒಳಗೆ ನಮ್ಮ ಟ್ರೇಲರ್ ನಿಂತಿದೆ. ಜುಲೈ ಕೊನೆಯ ವಾರ. ತಿರುಗಾಟ ಇಲ್ಲ, ಬರೀ ರಿಪೇರಿ.

ಹೊಸದಾಗಿ ನೋಡ್ತಾ ಇರೋರಿಗೆ ಒಂದು ಮಾತು. ಓಡಿಸುವಾಗ ಈ ಟ್ರೇಲರ್ ನನ್ನ ಎದೆ ಎತ್ತರಕ್ಕೆ ಬರುತ್ತದೆ. ನಿಲ್ಲಿಸಿದ ಮೇಲೆ ಮುಂಭಾಗದ ವಿಂಚಿನ, ಅಂದರೆ ಡ್ರಮ್ಮಿಗೆ ರೋಪ್ ಸುತ್ತಿ ಭಾರ ಎತ್ತೋ ಸಾಧನದ, ಹ್ಯಾಂಡಲ್ ತಿರುಗಿಸಬೇಕು. ಆಗ ನಾಲ್ಕು ಮೂಲೆಯ ಕಂಬಗಳು ಒಂದರೊಳಗಿಂದ ಒಂದು ಹೊರಗೆ ಬಂದು ಚಾವಣಿ ಮೇಲೇಳುತ್ತದೆ. ಸುತ್ತ ಕ್ಯಾನ್ವಾಸ್. ಚಾವಣಿಯ ತೂಕ ಹೆಚ್ಚುಕಡಿಮೆ 140 ಕಿಲೋ. ಅಷ್ಟೂ ಭಾರ ತಡೆದು ಹಿಡಿಯೋದು ಒಂದು ವೈರ್ ರೋಪ್, ಒಂದು ಬ್ರೇಕ್. ನಾನು ಮಲಗೋದು ಅದರ ಕೆಳಗೆ.

ಈಗ ನೋಡ್ತಾ ಇರೋದು ಹಳೇ ವಿಂಚ್. ಬಿಚ್ಚಿದ್ದನ್ನು ಬೇಗ ಓಡಿಸ್ತೀನಿ, ಬೋಲ್ಟ್ ಬಿಚ್ಚೋದು ಎಲ್ಲರಿಗೂ ಗೊತ್ತು. ಇಲ್ಲಿ ನಿಲ್ಲಿಸ್ತೀನಿ. ಬ್ರೇಕಿನ ಈ ಎರಡು ಪ್ಲೇಟಿನ ನಡುವೆ ಬೂದಿ ಬಣ್ಣದ ಅಂಟು ಕಾಣ್ತಾ ಇದೆ ಅಲ್ವಾ? ಅದು ಗ್ರೀಸ್. ಅದು ಅಲ್ಲಿ ಇರಲೇಬಾರದು.

ಕತೆ ಹೀಗಾಯ್ತು. ಸಿರಸಿಯಿಂದ ಇಳಿದು ಬರುವಾಗ ದಾರಿಯಲ್ಲಿ ಒಂದು ಗ್ಯಾರೇಜಿನಲ್ಲಿ ಚಕ್ರದ ಬೇರಿಂಗ್ ನೋಡಿಸಿದೆ. ಅಲ್ಲಿಯ ಹುಡುಗ "ಅಕ್ಕಾ, ವಿಂಚೂ ಒಣಗಿದೆ, ಗ್ರೀಸ್ ಮಾಡ್ಲಾ?" ಅಂದ. ಮಾಡಪ್ಪಾ ಅಂದೆ. 450 ರೂಪಾಯಿ. ಪಾಪ, ತುಂಬಾ ಪ್ರೀತಿಯಿಂದ ಕೆಲಸ ಮಾಡಿದ. ಗ್ರೀಸ್ ಗನ್ ಹಿಡಿದು ಸಂದುಸಂದಿಗೂ ತುಂಬಿಸಿದ. ಹ್ಯಾಂಡಲ್ ಬೆಣ್ಣೆಯ ಹಾಗೆ ತಿರುಗಿತು. ನನಗೆ ಖುಷಿಯೂ ಆಯ್ತು.

ಇಲ್ಲಿಗೆ ಬಂದು ಚಾವಣಿ ಏರಿಸಿದೆ. ಏನೂ ಆಗಲಿಲ್ಲ. ಚಿಕ್ಕಮ್ಮನ ಮೊಮ್ಮಗ ಎರಡು ದಿನ ಒಳಗೇ ಆಟ ಆಡಿದ. ಮೂರನೇ ದಿನ ಗಾಳಿ ಜೋರಾಯ್ತು, ಇಳಿಸೋಣ ಅಂತ ಹೊರಟೆ. ಅವನು ಆಗಷ್ಟೇ ಹೊರಗೆ ಬಂದಿದ್ದ. ಏರಿಸಿದ ಚಾವಣಿಗೆ ಮೂಲೆಗಳಲ್ಲಿ ನಿಲ್ಲಿಸೋ ಆಸರೆ ಪೈಪುಗಳಲ್ಲಿ ಮೂರನ್ನು ತೆಗೆದಿದ್ದೆ, ಬಾಗಿಲ ಪಕ್ಕದ್ದು ಒಂದು ಉಳಿದಿತ್ತು. ಬಿಗಿ ಸ್ವಲ್ಪ ಸಡಿಲ ಮಾಡೋಣ ಅಂತ ಹ್ಯಾಂಡಲ್ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಕೈ ಬಿಟ್ಟೆ. ಹ್ಯಾಂಡಲ್ ನಿಲ್ಲಲಿಲ್ಲ. ತಾನೇ ತಿರುಗೋದಕ್ಕೆ ಶುರು ಮಾಡಿತು. ಹಿಡಿಯೋದಕ್ಕೆ ಹೋದೆ, ಮಣಿಕಟ್ಟಿಗೆ ಬಡಿಯಿತು. ಚಾವಣಿಯ ಹಿಂದಿನ ಭಾಗ ಒಂದೂವರೆ ಅಡಿ ಜಾರಿ, ಆ ಒಂದು ಪೈಪಿನ ಮೇಲೆ ಓರೆಯಾಗಿ ನಿಂತಿತು. ಆ ಪೈಪ್ ಇಲ್ಲದಿದ್ದರೆ ಪೂರ್ತಿ ಕೆಳಗೆ. ಹುಡುಗ ಇನ್ನೊಂದು ನಿಮಿಷ ಒಳಗೆ ಇದ್ದಿದ್ದರೆ ಅನ್ನೋದನ್ನು ನಾನು ಈಗಲೂ ಯೋಚನೆ ಮಾಡ್ತೇನೆ. ಮಣಿಕಟ್ಟು ಹತ್ತು ದಿನ ನೀಲಿಯಾಗಿತ್ತು. ಅದು ದೊಡ್ಡದಲ್ಲ.

ಈಗ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸ್ತೀನಿ. ಇದು ಹಲ್ಲುಚಕ್ರ. ಇದರ ಮೇಲೆ ಬೀಳೋದು ಸಣ್ಣ ಕಬ್ಬಿಣದ ನಾಲಿಗೆ. ಏರಿಸುವಾಗ ಟಿಕ್ ಟಿಕ್ ಅನ್ನೋದು ಇದೇ. ಚಕ್ರದ ಎರಡೂ ಕಡೆ ಬ್ರೇಕ್ ಪ್ಲೇಟ್. ಹ್ಯಾಂಡಲ್ ಬಿಟ್ಟಾಗ ಚಾವಣಿಯ ಭಾರವೇ ಹಿಂದಕ್ಕೆ ಎಳೆದು ಶಾಫ್ಟಿನ ಥ್ರೆಡ್ ಮೇಲೆ ಎಲ್ಲವನ್ನೂ ಬಿಗಿ ಮಾಡುತ್ತದೆ. ಪ್ಲೇಟು ಚಕ್ರವನ್ನು ಒತ್ತಿ ಹಿಡಿಯುತ್ತದೆ, ಚಕ್ರವನ್ನು ನಾಲಿಗೆ ಬಿಡೋದಿಲ್ಲ. ಭಾರ ಜಾಸ್ತಿಯಾದಷ್ಟೂ ಹಿಡಿತ ಜಾಸ್ತಿ. ಎಷ್ಟು ಚೆಂದದ ಯೋಚನೆ! ಆದರೆ ಎಲ್ಲವೂ ಪ್ಲೇಟಿನ ಉಜ್ಜಾಟದ ಮೇಲೆ ನಿಂತಿದೆ. ಅಲ್ಲಿ ಗ್ರೀಸ್ ಹೋದರೆ ಚಕ್ರ ಹಿಡಿದಿದ್ದರೂ ಪ್ಲೇಟು ಜಾರುತ್ತದೆ. ಗ್ರೀಸ್ ಬೇಕಾಗಿರೋದು ಗೇರಿನ ಹಲ್ಲಿಗೆ, ಅದೂ ತೆಳ್ಳಗೆ ಒಂದು ಪದರ. ಶಾಫ್ಟ್ ಕೂತು ತಿರುಗೋ ಬುಷ್‌ಗೆ, ಶಾಫ್ಟಿನ ಥ್ರೆಡ್ಡಿಗೆ ಒಂದೆರಡು ಹನಿ ಎಣ್ಣೆ. ಅಷ್ಟೇ.

ಇನ್ನೊಂದು ನೆನಪಿಡಿ. ಇಳಿಸುವಾಗ ಹ್ಯಾಂಡಲ್ ಸ್ವಲ್ಪ ಬಿಗಿ ಇರಲೇಬೇಕು, ನೀವು ತಿರುಗಿಸಿದರೆ ಮಾತ್ರ ಇಳಿಯಬೇಕು. ಬೆಣ್ಣೆಯ ಹಾಗೆ ತಿರುಗಿದರೆ ಖುಷಿಪಡಬೇಡಿ.

ಇದು ಮರುದಿನ. ಕಾಳಿ ನದಿಯ ಸೇತುವೆ ಮೇಲೆ ಹೋಗ್ತಾ ಇದ್ದೇನೆ, ಕಾರವಾರದ ಕಡೆಗೆ. ಪಕ್ಕದ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿ ಬಂದರು. ಚಿಕ್ಕಮ್ಮ ಹಿಂದಿನ ದಿನ ಸಂಜೆ ಅದರ ಮೇಲೇ ಬಂದಿದ್ದರಂತೆ. ಈಗಲೂ ಇಲ್ಲಿ ದಾಟುವಾಗ ಅವರು ಮಾತಾಡೋದಿಲ್ಲ, ಕಣ್ಣು ಮುಚ್ಚಿ ಕೂತಿರ್ತಾರೆ. ಸರಿ, ಸೇತುವೆ ಮುಗೀತು. ಬೈತಖೋಲ್ ಬಂದರಿಗೆ ಬರೋಣ.

ಟ್ರೇಲರಿಗೂ ಮೀನುಗಾರಿಕೆ ಬಂದರಿಗೂ ಏನು ಸಂಬಂಧ ಅಂದರೆ, ವಿಂಚ್. ಟ್ರಾಲ್ ಬೋಟಿನಲ್ಲಿ ಬಲೆ ಎಳೆಯೋದು ವಿಂಚೇ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯೋ ಹಾಗಿಲ್ಲ. ಹಾಗಾಗಿ ಈ ವಾರ ಎಲ್ಲ ಬೋಟಿನಲ್ಲೂ ಬಣ್ಣ, ವೆಲ್ಡಿಂಗ್, ಹೊಸ ವೈರ್. ಉಪ್ಪುಗಾಳಿಯಲ್ಲಿ ಕಬ್ಬಿಣ ಹೇಗೆ ಸಾಯುತ್ತದೆ ಅಂತ ಇವರಿಗಿಂತ ಚೆನ್ನಾಗಿ ಗೊತ್ತಿರೋರು ಯಾರು?

ಇಲ್ಲಿ ವಿಂಚ್ ರಿಪೇರಿ ಮಾಡೋ ಒಬ್ಬ ಅಣ್ಣ ಸಿಕ್ಕಿದರು. ಮುಖ ತೋರಿಸಬೇಡ ಅಂದರು, ಹಾಗಾಗಿ ಕೈ ಮಾತ್ರ. ಪ್ಲೇಟ್ ನೋಡಿದವರೇ ಮೂಸಿದರು.

"ಯಾರು ತಂಗೀ ಇದಕ್ಕೆ ಎಣ್ಣೆ ಕುಡಿಸಿದ್ದು?"

"ತೊಳೆದರೆ ಹೋಗೋದಿಲ್ವಾ ಅಣ್ಣಾ? ಪೆಟ್ರೋಲ್ ಹಾಕಿ?"

"ಮೇಲೆ ಒಣಗಿದ ಹಾಗೆ ಕಾಣ್ತದೆ. ಬಿಸಿಯಾದ ಮೇಲೆ ಒಳಗಿಂದ ಮತ್ತೆ ಬರ್ತದೆ. ಇದನ್ನು ಎಸಿ."

ಎಸೆದೆ. ಈ ಮಾಡೆಲಿಗೆ ಪ್ಲೇಟ್ ಮಾತ್ರ ಬೇರೆ ಸಿಗಲಿಲ್ಲ. ಪೂರ್ತಿ ಹೊಸ ವಿಂಚ್, ತರಿಸಿದ ಖರ್ಚೂ ಸೇರಿ 6,800 ರೂಪಾಯಿ. ಎರಡು ತೆಳು ಪ್ಲೇಟಿಗೋಸ್ಕರ! ಅವನ್ನು ಬಿಡಿಭಾಗವಾಗಿ ಮಾರದೇ ಇರೋದು ದೊಡ್ಡ ತಪ್ಪು. ಸವೆಯಲಿಕ್ಕೇ ಇರೋ ವಸ್ತು ಅದು. ಸ್ಕೂಟರಿನ ಬ್ರೇಕ್ ಶೂ ಸಿಗದಿದ್ದರೆ ನಾವು ಸುಮ್ನೆ ಇರ್ತೀವಾ? 450 ರೂಪಾಯಿಯ ಬಗ್ಗೆ ನನಗೆ ಸಿಟ್ಟಿಲ್ಲ, ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಪಕ್ಕದಲ್ಲೇ ನಿಂತಿದ್ದೆ, ನನಗೂ ಗೊತ್ತಿರಲಿಲ್ಲ. ಆದರೆ ವಿಂಚಿನ ಮೇಲೆ "ಪ್ಲೇಟಿಗೆ ಎಣ್ಣೆ ಬೇಡ" ಅಂತ ಕನ್ನಡದಲ್ಲಿ ಒಂದು ಸಾಲು ಅಂಟಿಸೋದಕ್ಕೆ ಎಷ್ಟು ಖರ್ಚಾಗುತ್ತದೆ? ಹೊಸದರ ಮೇಲೆ ನಾನೇ ಬಣ್ಣದಲ್ಲಿ ಬರೆದಿದ್ದೇನೆ, ಇಲ್ಲಿ ಕಾಣ್ತಾ ಇದೆ.

ಬ್ಯಾಟರಿ ವಿಂಚ್ ಹಾಕಿಸಿಬಿಡೋಣ ಅಂತಲೂ ಅನ್ನಿಸಿತ್ತು. ಬಟನ್ ಒತ್ತಿದರೆ ಆಯ್ತು, ಕೈಗೆ ಏಟೂ ಇಲ್ಲ. ಈಗ ಮನಸ್ಸು ಬದಲಾಗಿದೆ. ಕೈಯಲ್ಲಿ ತಿರುಗಿಸುವಾಗ ರೋಪ್ ಎಲ್ಲಾದರೂ ಸಿಕ್ಕಿಕೊಂಡರೆ ತೋಳಿಗೆ ಗೊತ್ತಾಗುತ್ತದೆ. ಚಾವಣಿಯ ಕೊಕ್ಕೆ ಬಿಚ್ಚೋದು ಮರೆತು ತಿರುಗಿಸಿದರೆ ಕೂಡಲೇ ಗೊತ್ತಾಗುತ್ತದೆ. ಮೋಟಾರಿಗೆ ಅದು ತಿಳಿಯೋದಿಲ್ಲ, ರೋಪ್ ಹರಿಯೋ ತನಕ ಎಳೆದರೂ ಎಳೀಬಹುದು. ಕೈ ವಿಂಚಿಗೆ ಡ್ರಿಲ್ ಸಿಕ್ಕಿಸಿ ತಿರುಗಿಸೋರ ವಿಡಿಯೋ ನೋಡಿದ್ದೇನೆ. ದಯವಿಟ್ಟು ಬೇಡ. ಬ್ರೇಕ್ ಪ್ಲೇಟ್ ಬಿಸಿಯಾಗಿ ಸುಟ್ಟುಹೋಗುತ್ತದೆ.

ರೋಪಿಗೆ ಬರೋಣ. ಅಣ್ಣ ಪಂಚೆ ತುಂಡು ಹಿಡಿದು ಹಳೇ ರೋಪಿನ ಉದ್ದಕ್ಕೂ ಸವರಿದರು. ಬರಿಗೈಯಲ್ಲಿ ಸವರಿದರೆ ಕಡಿದ ತಂತಿ ಸೂಜಿಯ ಹಾಗೆ ಚುಚ್ಚುತ್ತದೆ. ಬಟ್ಟೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಎಳೆ ಕಡಿದಿದೆ ಅಂತ ಅರ್ಥ. ಮೂರು ಕಡೆ ಸಿಕ್ಕಿಕೊಂಡಿತು, ಮೂರೂ ರಾಟೆಯ ಮೇಲೆ ಬಾಗೋ ಜಾಗ. ಸಿರಸಿಯಲ್ಲಿ ನಮ್ಮ ಮನೆ ಬಾವಿ ಹಗ್ಗವೂ ಹೀಗೇ, ರಾಟೆ ಮೇಲೆ ಓಡಾಡೋ ಕಡೆಯೇ ಮೊದಲು ನಾರೇಳೋದು. ಆಯಿ ಕೊಡ ಇಳಿಸೋ ಮೊದಲು ಆ ಜಾಗವನ್ನೇ ಮುಟ್ಟಿ ನೋಡ್ತಿದ್ದಳು. ರಾಟೆ ಸಣ್ಣದಾದಷ್ಟೂ ರೋಪ್ ಬೇಗ ಸಾಯುತ್ತದೆ. ನಮ್ಮದರ ರಾಟೆ ತುಂಬಾ ಸಣ್ಣದು, ಮಾಡಿಕೊಟ್ಟವರು ಅಲ್ಲಿ ಉಳಿಸಿದ್ದಾರೆ. ಮುಂದಿನ ಬೇಸಿಗೆಯಲ್ಲಿ ಬದಲಾಯಿಸ್ತೀನಿ.

ಹೊಸ ರೋಪ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು, 4 ಮಿಲಿಮೀಟರ್. ಸಾಮಾನ್ಯ 304 ಸ್ಟೀಲಿಗಿಂತ ಇದರಲ್ಲಿ ಮಾಲಿಬ್ಡಿನಮ್ ಅನ್ನೋ ಲೋಹ ಇರೋದರಿಂದ ಉಪ್ಪನ್ನು ಜಾಸ್ತಿ ತಡೆಯುತ್ತದೆ. ಕಡಲ ಹತ್ತಿರ ಇರೋರು ಇದನ್ನೇ ತಗೊಳ್ಳಿ ಅಂತ ಹೇಳೋಳಿದ್ದೆ. ಅಣ್ಣ ಒಪ್ಪಲಿಲ್ಲ. "ಜಿಂಕ್ ವಾಯರ್ ಸಾಯೋ ಮೊದಲು ಕೆಂಪಾಗಿ ಹೇಳಿ ಸಾಯ್ತದೆ. ಸ್ಟೀಲು ಹೊರಗೆ ಹೊಳೀತಾ ಒಳಗೆ ಸಾಯ್ತದೆ." ಜಿಂಕ್ ವಾಯರ್ ಅಂದರೆ ಸತುವಿನ ಲೇಪ ಇರೋ ರೋಪ್, ಕೆಂಪು ಅಂದರೆ ತುಕ್ಕು. ಈ ಮಾತು ತಲೆಯಿಂದ ಹೋಗ್ತಾ ಇಲ್ಲ. 316 ಹಾಕಿದ್ದೇನೆ ನಿಜ, ಆದರೆ ಹೊಳೆಯೋದನ್ನು ನೋಡಿ ಸುಮ್ನೆ ಇರೋದಿಲ್ಲ. ಪ್ರತಿ ತಿರುಗಾಟ ಮುಗಿದ ಮೇಲೆ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಪಂಚೆ ಸವರಿ ನೋಡ್ತೀನಿ.

ಮತ್ತೆ ಅಂಗಳಕ್ಕೆ ಬಂದಿದ್ದೇನೆ. ರೋಪಿನ ತುದಿ ಮಡಚಿ ಬಿಗಿಯೋ ಕ್ಲಿಪ್ ಹಾಕೋದರಲ್ಲಿ ತುಂಬಾ ಜನ ತಪ್ಪುತ್ತಾರೆ. ನೋಡಿ, ದಪ್ಪ ಭಾಗ ಭಾರ ಹೊರೋ ರೋಪಿನ ಕಡೆ ಕೂರಬೇಕು. ಬಾಗಿದ ಬೋಲ್ಟ್ ಕತ್ತರಿಸಿದ ತುದಿಯ ಕಡೆ. ಉಲ್ಟಾ ಹಾಕಿದರೆ ಬೋಲ್ಟು ಭಾರ ಹೊರೋ ರೋಪನ್ನೇ ಜಜ್ಜುತ್ತದೆ. ಮೂರು ಕ್ಲಿಪ್ ಹಾಕಿದೆ. ಒಮ್ಮೆ ಭಾರ ಬಿದ್ದ ಮೇಲೆ ಮತ್ತೆ ಬಿಗಿ ಮಾಡಬೇಕು, ರೋಪ್ ತೆಳ್ಳಗಾಗಿರುತ್ತದೆ. ಚಾವಣಿ ಪೂರ್ತಿ ಇಳಿದಾಗಲೂ ಡ್ರಮ್ಮಿನ ಮೇಲೆ ಮೂರು ಸುತ್ತು ಉಳಿದಿರಬೇಕು. ಹಿಡಿಯೋದು ಆ ಸುತ್ತುಗಳೇ, ತುದಿಯ ಸ್ಕ್ರೂ ಒಂದಕ್ಕೇ ಆ ಶಕ್ತಿ ಇಲ್ಲ. ಚಾವಣಿ ಕೂತ ಮೇಲೂ ಹ್ಯಾಂಡಲ್ ತಿರುಗಿಸ್ತಾ ಹೋಗಬೇಡಿ. ರೋಪ್ ಉಲ್ಟಾ ಸುತ್ತಿಕೊಂಡರೆ ಬ್ರೇಕ್ ಕೆಲಸವೇ ಮಾಡೋದಿಲ್ಲ.

ಚಿಕ್ಕಮ್ಮ ಕರೀತಾ ಇದ್ದಾರೆ, ಪತ್ರೊಡೆ ಆಗಿದೆಯಂತೆ. ಈ ಮಳೆಯಲ್ಲಿ ಕೆಸುವಿನ ಎಲೆ ಎಷ್ಟು ಎಳೆಯದಿದೆ ಅಂದರೆ... ಇಲ್ಲ, ಪರೀಕ್ಷೆ ಮುಗಿಸಿಬಿಡ್ತೀನಿ.

ಚಾವಣಿ ಅರ್ಧ ಏರಿಸಿ ಕೈ ಬಿಟ್ಟಿದ್ದೇನೆ. ಕಂಬದ ಮೇಲೆ ಈ ಕೆಂಪು ಟೇಪ್ ಗುರುತು. ಒಳಗೆ ಯಾರೂ ಇಲ್ಲ, ಮೊಮ್ಮಗ ಅಲ್ಲಿ ಜಗಲಿ ಮೇಲೆ ಕೂತು ನೋಡ್ತಾ ಇದ್ದಾನೆ. ನಾಲ್ಕೂ ಮೂಲೆಗೆ ಪೈಪ್ ಆಸರೆ ಇದೆ, ಆದರೆ ಎರಡು ಇಂಚು ಕೆಳಗೆ, ಮುಟ್ಟದ ಹಾಗೆ. ಅರ್ಧ ಗಂಟೆ ಹೀಗೇ ಬಿಡೋದು.

ಅರ್ಧ ಗಂಟೆ ಆಯ್ತು. ಟೇಪು ಇದ್ದಲ್ಲೇ ಇದೆ. ಈಗ ಪೂರ್ತಿ ಏರಿಸಿ ಉದ್ದದ ಪೈಪ್ ಕೂರಿಸ್ತೀನಿ. ಇನ್ನು ಮುಂದೆ ಇಳಿಸುವಾಗಲೂ ಗಿಡ್ಡ ಪೈಪ್ ನಿಲ್ಲಿಸಿಕೊಂಡೇ ಹಂತ ಹಂತವಾಗಿ ಇಳಿಸೋದು. ಕೊನೆಯ ಗಿಡ್ಡ ಪೈಪ್ ತೆಗೆಯುವಾಗ ಒಳಗೆ ಇಣುಕಿ, ಹುಡುಗನ ಹೆಸರು ಕೂಗಿ, ಹೊರಗಿನಿಂದ ಓಗೊಟ್ಟ ಮೇಲೇ ಹ್ಯಾಂಡಲ್ ಮುಟ್ಟೋದು. ಕೊಕ್ಕೆ, ಕ್ಯಾನ್ವಾಸ್ ಮುಂದಿನ ವಿಡಿಯೋದಲ್ಲಿ. ಬಂದೆ ಚಿಕ್ಕಮ್ಮಾ!