ಮಲ್ಲೇಶ್ವರದಲ್ಲಿ ಐದು ಕೋಟಿಯ ಫ್ಲ್ಯಾಟು: ಬಾಲ್ಕನಿಗಿಂತ ಮೊದಲು ಬೇಸ್‌ಮೆಂಟ್ ನೋಡಿ

(ದೃಶ್ಯ: ನಂದಿ ತೀರ್ಥದ ಕಲ್ಯಾಣಿ, ಬೆಳಗ್ಗೆ ಏಳು ಗಂಟೆ. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುವ ಸದ್ದು. ಐದು ಸೆಕೆಂಡು ಮಾತಿಲ್ಲ.)

ನಮಸ್ಕಾರ. ಈ ನೀರಿನ ಸದ್ದು ಕೇಳಿಸ್ತಾ ಇದೆಯಲ್ಲ, ಇದು ಮಲ್ಲೇಶ್ವರದ ನಂದಿ ತೀರ್ಥ. ರಸ್ತೆ ದಾಟಿದ್ರೆ ಕಾಡು ಮಲ್ಲೇಶ್ವರ ದೇವಸ್ಥಾನ. 1997ರವರೆಗೆ ನಾನು ನಿಂತಿರೋ ಈ ಜಾಗ ಮಣ್ಣು ಮುಚ್ಚಿಕೊಂಡಿದ್ದ ಒಂದು ಖಾಲಿ ಸೈಟು. ಅಗೆದು ನೋಡಿದಾಗ ಕೆಳಗೆ ಕಲ್ಯಾಣಿ ಇತ್ತು, ನಂದಿ ಇತ್ತು, ನೀರಿತ್ತು. ವೃಷಭಾವತಿ ನದಿಯ ಒಂದು ಮೂಲ ಇಲ್ಲೇ ಅಂತ ಹೇಳೋರೂ ಇದ್ದಾರೆ.

ಅಪಾರ್ಟ್‌ಮೆಂಟ್ ಬಗ್ಗೆ ವಿಡಿಯೋ ಮಾಡ್ತೀನಿ ಅಂದು ಕಲ್ಯಾಣಿ ತೋರಿಸ್ತಿರೋದಕ್ಕೆ ಕಾರಣ ಇದೆ. ಈ ಬಡಾವಣೆಯಲ್ಲಿ ಹೊಸ ಲಕ್ಷುರಿ ಫ್ಲ್ಯಾಟ್ ನೋಡೋಕೆ ಹೋದ್ರೆ ಎಲ್ಲರೂ ನಮ್ಮನ್ನ ನೇರ ಮೇಲಕ್ಕೆ ಕರ್ಕೊಂಡು ಹೋಗ್ತಾರೆ. ಬಾಲ್ಕನಿ, ಸ್ಯಾಂಕಿ ಕೆರೆ ಕಡೆಯ ನೋಟ, ಇಟಾಲಿಯನ್ ಮಾರ್ಬಲ್. ನಾವೂ ಮೇಲೆ ನೋಡ್ತಾನೇ ಅಡ್ವಾನ್ಸ್ ಕೊಟ್ಟು ಬರ್ತೀವಿ. ನನ್ನ ಅಕ್ಕ ಮತ್ತು ಭಾವ ಹಾಗೇ ಮಾಡಿದ್ರು. ಅವರ ಜೊತೆ ಎರಡು ವರ್ಷ ಈ ಕ್ರಾಸುಗಳನ್ನೆಲ್ಲ ಸುತ್ತಿ ನಾನು ಕಲಿತದ್ದು ಇಷ್ಟು: ಹಳೇ ಬಡಾವಣೆಯಲ್ಲಿ ಮನೆಯ ಬೆಲೆ ಇರೋದು ನೆಲದ ಮಟ್ಟದಿಂದ ಕೆಳಗೆ. ಅಲ್ಲಿಂದಲೇ ಶುರು ಮಾಡೋಣ.

(ದೃಶ್ಯ: ಒಂದು ಅಡ್ಡರಸ್ತೆ. ಹೆಂಚಿನ ಹಳೇ ಮನೆ, ಪಕ್ಕದಲ್ಲೇ ಹಸಿರು ಬಲೆ ಹೊದ್ದ ಐದಂತಸ್ತಿನ ಕಟ್ಟಡ.)

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನ ಹೊರಗೆ ತರೋಕೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಾದವು. ಗಾಳಿ ಬೆಳಕು ಬೇಕು ಅಂತಲೇ ಅಗಲವಾದ ಸೈಟು, ಮನೆಗಳ ಬೆನ್ನಿಗೆ ಕಸ, ಮಲ ಸಾಗಿಸೋಕೆ ಕನ್ಸರ್ವೆನ್ಸಿ ಓಣಿ, ರಸ್ತೆಗೆ ಸಂಪಿಗೆ ಮರ, ಬೇವಿನ ಮರದ ಹೆಸರು. ಇವತ್ತು ಬಿಲ್ಡರುಗಳು ಹುಡುಕಿಕೊಂಡು ಬರೋದು ಆ ಅಗಲವಾದ ಸೈಟುಗಳನ್ನೇ.

ಇಲ್ಲಿ ಎರಡು ಥರದ ಹೊಸ ಕಟ್ಟಡ ಸಿಗುತ್ತೆ. ಬಡಾವಣೆಯ ಪಶ್ಚಿಮದ ಅಂಚಿನಲ್ಲಿ, ರಾಜಾಜಿನಗರಕ್ಕೆ ಅಂಟಿಕೊಂಡ ಕಡೆ, ಮೊದಲು ಕಾರ್ಖಾನೆಗಳಿದ್ದ ದೊಡ್ಡ ಜಾಗಗಳಲ್ಲಿ ಗೋಪುರಗಳು ಎದ್ದಿವೆ. ಬ್ರಿಗೇಡ್ ಗೇಟ್‌ವೇ ಇರೋದು ಹಳೇ ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ. ಒಳಗಿನ ಕ್ರಾಸುಗಳಲ್ಲಿ ಮಾತ್ರ ನಾಲ್ಕೈದು ಅಂತಸ್ತು, ಎಂಟು ಹತ್ತು ಮನೆ. ರಸ್ತೆ ಅಗಲ ಇದ್ದಷ್ಟೂ ಹೆಚ್ಚು ಕಟ್ಟೋಕೆ ಅನುಮತಿ ಸಿಗುತ್ತೆ. ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಆ ಲೆಕ್ಕಕ್ಕೆ ಎಫ್‌ಎಆರ್ ಅಂತಾರೆ. ಕಿರಿದಾದ ಕ್ರಾಸಿನಲ್ಲಿ ಅದು ಕಮ್ಮಿ.

ಈಗ ಲೆಕ್ಕ. ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ.

(ದೃಶ್ಯ: ಬಿಳಿ ಹಲಗೆ, ಮಾರ್ಕರ್.)

60 ಅಡಿ, 100 ಅಡಿ ಸೈಟು ಅಂತ ಇಟ್ಕೊಳ್ಳಿ. 6,000 ಚದರ ಅಡಿ. ಅದರ ಮೇಲೆ ಒಂದೇ ಅಳತೆಯ ಎಂಟು ಮನೆ. ಒಬ್ಬೊಬ್ಬರಿಗೆ ನೆಲದ ಪಾಲು 750 ಚದರ ಅಡಿ. ಇದೇ ಯುಡಿಎಸ್, ಅವಿಭಾಜಿತ ಹಕ್ಕು. ಈಗ ಐದು ಎಕರೆಯ ಗೋಪುರ ತಗೊಳ್ಳಿ. 2,17,800 ಚದರ ಅಡಿ, 600 ಮನೆ. ಒಬ್ಬರಿಗೆ ಸರಾಸರಿ 363. ಎರಡೂ ಕಡೆ ನೆಲದ ಬೆಲೆ ಚದರ ಅಡಿಗೆ 30 ಸಾವಿರ ಅಂತ ಲೆಕ್ಕಕ್ಕೆ ಹಾಕೋಣ. ಎಂಟು ಮನೆಯ ಕಟ್ಟಡದಲ್ಲಿ ನಿಮ್ಮ ನೆಲವೇ 2 ಕೋಟಿ 25 ಲಕ್ಷ. ಗೋಪುರದಲ್ಲಿ 1 ಕೋಟಿ 9 ಲಕ್ಷದ ಹತ್ತಿರ. ಮೇಲಿನ ಮನೆ ಎರಡೂ ಕಡೆ ಐದು ಕೋಟಿ, ಎರಡೂ ಕಡೆ ಅದೇ ಮಾರ್ಬಲ್.

ಮಾರ್ಬಲ್ ಹಳೇದಾಗುತ್ತೆ, ಲಿಫ್ಟು ಹಳೇದಾಗುತ್ತೆ. ನಲವತ್ತು ವರ್ಷದ ಮೇಲೆ ಕಟ್ಟಡ ಕೆಡವಿ ಮತ್ತೆ ಕಟ್ಟುವ ಮಾತು ಬಂದಾಗ ನಿಮ್ಮ ಮಕ್ಕಳ ಕೈಯಲ್ಲಿ ಉಳಿಯೋದು ಸೇಲ್ ಡೀಡ್‌ನಲ್ಲಿ ಬರೆದ ಆ 750 ಅಥವಾ 363. ಬ್ರೋಷರಿನಲ್ಲಿ ಈ ಸಂಖ್ಯೆ ಇರೋದೇ ಅಪರೂಪ. ಬಾಯಿಬಿಟ್ಟು ಕೇಳಬೇಕು. ಕೇಳಿ, ಡೀಡ್‌ನ ಶೆಡ್ಯೂಲ್‌ನಲ್ಲಿ ಚದರ ಅಡಿ ಲೆಕ್ಕದಲ್ಲೇ ಬರೆಸ್ಕೊಳ್ಳಿ.

ಹಾಗಾದ್ರೆ ಎಂಟು ಮನೆಯ ಕಟ್ಟಡವೇ ವಾಸಿ ಅಂತ ಅನ್ನಿಸುತ್ತೆ. ಅಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮನೆ ಕೊಳ್ಳೋರ ಹಿತ ಕಾಯೋಕೆ ಬಂದ 2016ರ ರೇರಾ ಕಾಯ್ದೆ ಪ್ರಕಾರ ಜಾಗ 500 ಚದರ ಮೀಟರ್ ಮೀರದಿದ್ರೆ, ಅಥವಾ ಮನೆಗಳು ಎಂಟನ್ನ ಮೀರದಿದ್ರೆ, ಆ ಯೋಜನೆ ನೋಂದಣಿ ಆಗಬೇಕಾಗಿಲ್ಲ. ಒಂಬತ್ತನೇ ಮನೆ ಇದ್ದು, ಜಾಗವೂ ದೊಡ್ಡದಿದ್ರೆ ಆಗಲೇಬೇಕು. ದೊಡ್ಡ ಯೋಜನೆಯಾದ್ರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಮಂಜೂರಾದ ಪ್ಲ್ಯಾನು, ಕಾಮಗಾರಿ ಎಲ್ಲಿಗೆ ಬಂತು, ಎಲ್ಲಾ ಮನೇಲಿ ಕೂತು ನೋಡಬಹುದು. ಖರೀದಿದಾರರ ಹಣದಲ್ಲಿ ಶೇ 70 ಪ್ರತ್ಯೇಕ ಖಾತೆಯಲ್ಲಿ ಇಡಬೇಕು, ಅಗ್ರಿಮೆಂಟ್ ಆಗೋಕೆ ಮೊದಲು ಶೇ 10ಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ, ಕಟ್ಟಡದಲ್ಲಿ ದೋಷ ಕಂಡ್ರೆ ಐದು ವರ್ಷ ಬಿಲ್ಡರೇ ರಿಪೇರಿ ಮಾಡಿಕೊಡಬೇಕು. ನೋಂದಣಿ ಇಲ್ಲದ ಕಟ್ಟಡಕ್ಕೆ ಆ ಪುಟವೇ ಇರಲ್ಲ. ಕಾಗದ ನೀವೇ ಕೇಳಿ ತರಿಸಬೇಕು. ಆ ಐದು ವರ್ಷದ ರಿಪೇರಿ ಹೊಣೆಯನ್ನ ಸೇಲ್ ಅಗ್ರಿಮೆಂಟ್‌ನಲ್ಲೇ ಒಂದು ಷರತ್ತಾಗಿ ಬರೆಸಿ. ಬರೆಯೋಕೆ ಒಪ್ಪದ ಬಿಲ್ಡರನ್ನ ಅಲ್ಲೇ ಬಿಟ್ಟು ಬನ್ನಿ. ನಾನಾದ್ರೆ ಹಾಗೇ ಮಾಡ್ತೀನಿ.

(ದೃಶ್ಯ: ಹಳೇ ಮನೆಯ ಗೇಟು, ಕಲ್ಲಿನ ಹಲಗೆ ಮೇಲೆ ಮಾಸಿದ ಹೆಸರು.)

ಕಾಗದ ಅಂದಾಗ ಹಳೇ ಬಡಾವಣೆಗೇ ಸೇರಿದ ಒಂದು ವಿಷಯ ಬರುತ್ತೆ. ಇಂಥ ಸೈಟುಗಳನ್ನ ಬಿಲ್ಡರು ಹೆಚ್ಚಾಗಿ ಕೊಂಡುಕೊಳ್ಳಲ್ಲ. ಮನೆಯವರ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ ಮಾಡ್ಕೊತಾರೆ. ಜಾಗ ಅವರದು, ಕಟ್ಟೋದು ಇವರು, ಮನೆಗಳನ್ನ ಹಂಚ್ಕೊತಾರೆ. ಯಾವ ಮನೆ ಯಾರ ಪಾಲಿಗೆ ಅನ್ನೋ ಶೇರಿಂಗ್ ಅಗ್ರಿಮೆಂಟ್ ನೋಡದೆ ದುಡ್ಡು ಕೊಡಬೇಡಿ. ಅದಕ್ಕಿಂತ ಮುಖ್ಯ, ಅಜ್ಜನ ಕಾಲದ ಆಸ್ತಿಯಾದ್ರೆ ಹೆಣ್ಣುಮಕ್ಕಳ ಸಹಿ ಇದೆಯಾ? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡೋ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಅಮೆರಿಕದಲ್ಲಿರೋ ತಂಗಿಯನ್ನ ಕೇಳದೆ ಇಬ್ಬರು ಅಣ್ಣಂದಿರು ಸಹಿ ಹಾಕಿದ್ರೆ, ನಾಳೆ ಆಕೆ ಕೋರ್ಟಿಗೆ ಹೋಗೋಕೆ ಪೂರ್ತಿ ಹಕ್ಕಿದೆ, ಮತ್ತು ಅದು ನ್ಯಾಯವೂ ಹೌದು. ಆಗ ಸಿಕ್ಕಿಹಾಕಿಕೊಳ್ಳೋದು ಮೂರನೇ ಮಹಡಿಯಲ್ಲಿ ಗೃಹಪ್ರವೇಶ ಮಾಡಿದ ನೀವು. ವಂಶವೃಕ್ಷ ಕೇಳಿ, ವಕೀಲರಿಗೆ ತೋರಿಸಿ.

ಈಗ ನಿಜವಾಗಿಯೂ ಕೆಳಗೆ ಇಳಿಯೋಣ.

(ದೃಶ್ಯ: ಬೇಸ್‌ಮೆಂಟಿನ ಇಳಿಜಾರು. ಮೊಬೈಲ್ ಟಾರ್ಚಿನ ಬೆಳಕು ಗೋಡೆಯ ಮೇಲೆ.)

ಐದು ಕೋಟಿಯ ಮನೆಗೆ ಎರಡು ಕಾರು ನಿಲ್ಲಬೇಕು, ಸೈಟು ಚಿಕ್ಕದು. ಅದಕ್ಕೆ ಎರಡು ಬೇಸ್‌ಮೆಂಟ್ ಅಗೀತಾರೆ, ಅಂದ್ರೆ ಸುಮಾರು ಇಪ್ಪತ್ತು ಅಡಿ ಆಳ. ನಂದಿ ತೀರ್ಥದ ನೀರು ನೆನಪಿಸ್ಕೊಳ್ಳಿ. ಅಂಥ ನೆಲದಲ್ಲಿ ಇಪ್ಪತ್ತು ಅಡಿ ಇಳಿದ್ರೆ ನೀರು ಎದುರಾಗೋ ಸಾಧ್ಯತೆ ಇದ್ದೇ ಇದೆ. ನೀರು ಬರೋದು ತಪ್ಪಲ್ಲ. ಅದನ್ನ ತಡೆಯೋ ವಾಟರ್‌ಪ್ರೂಫಿಂಗ್ ಸರಿ ಇದೆಯಾ ಅನ್ನೋದು ಪ್ರಶ್ನೆ.

ಅಕ್ಕ ಭಾವ ಮೊದಲು ಬುಕ್ ಮಾಡಿದ ಕಟ್ಟಡದಲ್ಲಿ ನಾನು ಟಾರ್ಚ್ ಹಿಡಿದು ಕೆಳಗಿನ ಬೇಸ್‌ಮೆಂಟಿಗೆ ಇಳಿದೆ. ಗೋಡೆಗೆ ಹೊಸ ಬಣ್ಣ. ಆದ್ರೆ ನೆಲದಿಂದ ಮೊಣಕಾಲೆತ್ತರಕ್ಕೆ ಬಣ್ಣದ ಒಳಗಿಂದ ಉಪ್ಪಿನ ಥರ ಬಿಳಿ ಪುಡಿ ಎದ್ದಿತ್ತು. ಬೆರಳಲ್ಲಿ ಉಜ್ಜಿದ್ರೆ ಉದುರ್ತಿತ್ತು. ಮೂಲೆಯ ಗುಂಡಿಯಲ್ಲಿ ಪಂಪು ಆನ್ ಆಗೋದು, ಆಫ್ ಆಗೋದು. ಮಳೆಗಾಲ ಅಲ್ಲ, ಫೆಬ್ರವರಿ. ಅರ್ಧ ಗಂಟೆ ಅಲ್ಲೇ ನಿಂತೆ, ಅಷ್ಟರಲ್ಲಿ ಪಂಪು ನಾಲ್ಕು ಸಲ ಓಡ್ತು. ಮೇಲೆ ಲಾಬಿಯಲ್ಲಿ ಮಲ್ಲಿಗೆ ಪರಿಮಳದ ದೀಪ ಉರೀತಿತ್ತು.

ಅದೇ ಕಟ್ಟಡಕ್ಕೆ ಓಸಿ, ಅಂದ್ರೆ ಆಕ್ಯುಪೆನ್ಸಿ ಸರ್ಟಿಫಿಕೇಟ್, ಸ್ವಾಧೀನಾನುಭವ ಪತ್ರವೂ ಬಂದಿರಲಿಲ್ಲ. "ಮುಂದಿನ ತಿಂಗಳು ಬರುತ್ತೆ ಸಾರ್" ಅಂತ ಎಂಟು ತಿಂಗಳು ಕೇಳಿದ್ವಿ. ಆಮೇಲೆ ಬುಕಿಂಗ್ ವಾಪಸ್ ತಗೊಂಡ್ವಿ. ದುಡ್ಡು ಪೂರ್ತಿ ಕೈಗೆ ಬರೋಕೆ ಹನ್ನೊಂದು ತಿಂಗಳು ಬೇಕಾಯ್ತು. ಆ ಹನ್ನೊಂದು ತಿಂಗಳು ಅಕ್ಕ ಸರಿಯಾಗಿ ನಿದ್ದೆ ಮಾಡಲಿಲ್ಲ. ವಿಜಯನಗರದ ಮನೆ ಮಾರಿದ ದುಡ್ಡು ಅದು, ಇಬ್ಬರ ದುಡಿಮೆ.

ಓಸಿ ಬರೀ ಒಂದು ಮುದ್ರೆ ಅಂತ ತಿಳ್ಕೊಬೇಡಿ. ಮಂಜೂರಾದ ಪ್ಲ್ಯಾನಿನಂತೆ ಕಟ್ಟಿದ್ದಾರೆ, ಇಲ್ಲಿ ಜನ ವಾಸ ಮಾಡಬಹುದು ಅನ್ನೋ ಒಪ್ಪಿಗೆ ಅದು. ಪ್ಲ್ಯಾನು ಮೀರಿ ಒಂದು ಮಹಡಿ ಹೆಚ್ಚು ಕಟ್ಟಿದ್ರೆ ಸಿಗಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ವಿದ್ಯುತ್, ನೀರು, ಒಳಚರಂಡಿ ಸಂಪರ್ಕವನ್ನ ಈ ಪತ್ರ ನೋಡಿದ ಮೇಲೇ ಕೊಡಬೇಕು ಅಂತ ಹೇಳಿದೆ. ಅದಾದ ಮೇಲೆ ಬೆಂಗಳೂರಿನಲ್ಲಿ ಎಷ್ಟೋ ಹೊಸ ಕಟ್ಟಡಗಳಿಗೆ ಮೀಟರು ಸಿಗದೆ ಜನ ಒದ್ದಾಡಿದ್ರು. ಓಸಿ ಕೈಗೆ ಬಂದ ಮೇಲೆ ಕೊಂಡ್ರೆ ಇನ್ನೊಂದು ಅನುಕೂಲವೂ ಇದೆ. ಕಟ್ಟುತ್ತಿರೋ ಮನೆಗೆ ಶೇ 5 ಜಿಎಸ್‌ಟಿ, ಓಸಿ ಬಂದ ಮೇಲೆ ಮಾರೋ ಮನೆಗೆ ಜಿಎಸ್‌ಟಿ ಇಲ್ಲ. ಐದು ಕೋಟಿಗೆ 25 ಲಕ್ಷ ಉಳೀತು. ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು ಸರ್ಚಾರ್ಜು, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2. ಇವು ಹೇಗೂ ತಪ್ಪಲ್ಲ.

(ದೃಶ್ಯ: ಅಡುಗೆಮನೆಯ ನಲ್ಲಿ. ಆಮೇಲೆ ಸಂಪಿನ ಮುಚ್ಚಳ.)

ನೀರಿನ ವಿಷಯದಲ್ಲಿ ಮಲ್ಲೇಶ್ವರದ ಅದೃಷ್ಟ ದೊಡ್ಡದು. 1890ರ ದಶಕದಲ್ಲೇ ಹೆಸರಘಟ್ಟದ ನೀರು ಈ ಕಡೆಗೆ ಬರ್ತಿತ್ತು. ಈಗ ಕಾವೇರಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್‌ನಷ್ಟು ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಹಂತದಲ್ಲಿ ಎತ್ತಿ ತರೋ ನೀರು. ಆದ್ರೆ ಒಂದು ಕುಟುಂಬ ಇದ್ದ ಸೈಟಿನಲ್ಲಿ ಈಗ ಎಂಟು ಕುಟುಂಬ, ಮನೆಗೆ ನಾಲ್ಕು ಬಚ್ಚಲು, ಟೆರೇಸ್ ಮೇಲೆ ಈಜುಕೊಳ. ಮಳೆ ನೀರು ಕೊಯ್ಲು ಕಾನೂನಿನಲ್ಲೇ ಕಡ್ಡಾಯ. ಫಿಲ್ಟರ್ ಎಲ್ಲಿ, ಇಂಗುಗುಂಡಿ ಎಲ್ಲಿ ಅಂತ ಕೇಳಿ, ಮುಚ್ಚಳ ತೆಗೆಸಿ ನೋಡಿ. ಕೊಳವೆಯೊಂದು ಮಣ್ಣಿನಲ್ಲಿ ಸುಮ್ಮನೆ ಹೂತಿರೋದನ್ನ ನಾನು ಎರಡು ಕಡೆ ನೋಡಿದೀನಿ. ಬೇಸ್‌ಮೆಂಟಿನ ನೀರನ್ನ ಮೋರಿಗೆ ಪಂಪ್ ಮಾಡಿ, ಮೇಲೆ ಟ್ಯಾಂಕರ್ ತರಿಸೋ ಕಟ್ಟಡ ಕಂಡ್ರೆ ನನಗೆ ಸಂಕಟ ಆಗುತ್ತೆ. ಅದೇ ನೀರನ್ನ ಗಿಡಕ್ಕೆ, ಕಾರು ತೊಳೆಯೋಕೆ, ಫ್ಲಷ್‌ಗೆ ಬಳಸಬಹುದಲ್ಲ.

ಚಿಕ್ಕ ಕಟ್ಟಡದ ಟೆರೇಸ್ ಈಜುಕೊಳ ನನಗೆ ಬೇಡ. ಸೋರಿದ್ರೆ ಅದರ ಕೆಳಗಿನ ಮನೆಯವರಿಗೆ ಕಷ್ಟ, ಖರ್ಚು ಎಂಟೇ ಮನೆಗೆ. ಮೇಂಟೆನೆನ್ಸ್‌ನಲ್ಲಿ ಒಂದು ಸಮಾಧಾನ ಇದೆ: ತಿಂಗಳಿಗೆ 7,500 ದಾಟಿದ್ರೆ ಶೇ 18 ಜಿಎಸ್‌ಟಿ ಬೀಳುತ್ತೆ, ಆದ್ರೆ ಸಂಘದ ವರ್ಷದ ವಹಿವಾಟು 20 ಲಕ್ಷ ಮೀರಿದ್ರೆ ಮಾತ್ರ. ಎಂಟು ಮನೆ, ತಲಾ 15 ಸಾವಿರ ಆದ್ರೆ ವರ್ಷಕ್ಕೆ 14 ಲಕ್ಷ 40 ಸಾವಿರ, ಅದರೊಳಗೇ ನಿಲ್ಲುತ್ತೆ.

ಅಳತೆ ಬಗ್ಗೆ ಬೇಗ ಹೇಳಿಬಿಡ್ತೀನಿ. ಲಾಬಿ, ಮೆಟ್ಟಿಲಿನ ಪಾಲನ್ನೂ ಸೇರಿಸಿ ಹೇಳೋ ಸೂಪರ್ ಬಿಲ್ಟ್‌ಅಪ್ ಬಿಟ್ಟು, ಮನೆಯೊಳಗೆ ನಿಜವಾಗಿ ಬಳಸೋ ಜಾಗದ ಅಳತೆ, ಅಂದ್ರೆ ಕಾರ್ಪೆಟ್ ಏರಿಯಾ ಕೇಳಿ. ಹೊರಗೋಡೆ, ಶಾಫ್ಟು, ಬಾಲ್ಕನಿ ಅದರಲ್ಲಿ ಸೇರಲ್ಲ. ಟೇಪು ತಗೊಂಡು ಹೋಗಿ ನೀವೇ ಅಳೀರಿ. ಹಾಗೇ ಬೆಡ್‌ರೂಮಿನ ಕಿಟಕಿಯಿಂದ ಪಕ್ಕದ ಗೋಡೆಗೆ ಎಷ್ಟು ಅಡಿ ಅಂತಲೂ ನೋಡಿ. ಪಕ್ಕದಲ್ಲಿ ಹೆಂಚಿನ ಮನೆ ಇದ್ರೆ ಈಗ ಬೆಳಕಿದೆ. ಐದು ವರ್ಷದಲ್ಲಿ ಅದೂ ಐದು ಅಂತಸ್ತಾಗುತ್ತೆ ಅಂತ ಅಂದುಕೊಂಡೇ ಲೆಕ್ಕ ಹಾಕಿ.

(ದೃಶ್ಯ: ಮಧ್ಯಾಹ್ನ. ಮೊದಲ ಮಹಡಿಯ ಬಾಲ್ಕನಿ, ಎದುರು ಹೊಂಗೆ ಮರದ ಕೊಂಬೆ.)

ಅಕ್ಕ ಕೊನೆಗೆ ಕೊಂಡದ್ದು ಈ ಮನೆ. ಹತ್ತು ಮನೆಯ ಕಟ್ಟಡ, ರೇರಾ ನೋಂದಣಿ ಇದೆ, ಓಸಿ ನೋಡಿಯೇ ಅಗ್ರಿಮೆಂಟ್ ಮಾಡಿದ್ದು. ಒಂದೇ ಬೇಸ್‌ಮೆಂಟ್, ಗೋಡೆ ಒಣಗಿದೆ. ನೆಲದ ಪಾಲು 610 ಚದರ ಅಡಿ. ಕಟ್ಟುವಾಗ ಈ ಹೊಂಗೆ ಮರ ಕಡಿಯದೆ ಕಾಂಪೌಂಡನ್ನೇ ಎರಡು ಅಡಿ ಒಳಗೆ ಎಳೆದಿದ್ದಾರೆ. ಅದನ್ನ ನೋಡಿ ಭಾವ ಅಲ್ಲೇ ಮನಸ್ಸು ಮಾಡಿದ್ರು. ಬೆಳಗ್ಗೆ ಎಂಟನೇ ಕ್ರಾಸ್ ಮಾರ್ಕೆಟ್ಟಿಗೆ ನಡ್ಕೊಂಡು ಹೋಗಿ ಸೊಪ್ಪು ತರ್ತಾರೆ, ಭಾನುವಾರ ಸಿಟಿಆರ್‌ನಲ್ಲಿ ಬೆಣ್ಣೆ ದೋಸೆ, ಸಂಪಿಗೆ ರಸ್ತೆ ಮೆಟ್ರೋ ಇರೋದ್ರಿಂದ ಎರಡನೇ ಕಾರು ಮಾರಿಬಿಟ್ರು. ಆ ಪಾರ್ಕಿಂಗ್ ಜಾಗದಲ್ಲಿ ಈಗ ಎದುರು ಮನೆಯ ಇಬ್ಬರು ಹುಡುಗರು ಸಂಜೆ ಕೇರಂ ಆಡ್ತಾರೆ. ನಾವು ಇದನ್ನ ಚಿತ್ರೀಕರಿಸ್ತಿರುವಾಗಲೇ ಕೆಳಗಿಂದ ಸ್ಟ್ರೈಕರ್ ಸದ್ದು ಬರ್ತಿದೆ, ಕೇಳಿ.

(ಸದ್ದು ಹಾಗೇ ಮುಂದುವರಿಯುತ್ತೆ. ಪರದೆ ಕಪ್ಪಾಗುತ್ತೆ.)