ಎಣ್ಣೆನೀರು ಇರಲಿ, ಜೋರು ಬೇಡ

(ಮಧುಗಿರಿ ತಾಲೂಕಿನ ಅಂಗನವಾಡಿಯೊಂದರಲ್ಲಿ ಬಸುರಿಯರು, ಬಾಣಂತಿಯರು ಮತ್ತು ಅವರ ಮನೆಯವರಿಗಾಗಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಮೊದಲ ವಾರ ಎದೆಹಾಲಿನ ಸಪ್ತಾಹ, ಅದರ ಬಗ್ಗೆಯೇ ಮಾತಾಡಿ ಅಂತ ಹೇಳಿದ್ದರು. ಆದರೆ ಮುಂದೆ ಬಸುರಿಯರು, ಹಿಂದೆ ಅವರ ಅಮ್ಮ, ಅತ್ತೆ, ಅಜ್ಜಿಯರು ಒಟ್ಟಿಗೆ ಕೂತಿದ್ದೀರಿ. ಇಂಥ ಸಭೆ ಮತ್ತೆ ಸಿಗುವುದು ಕಷ್ಟ. ಹಾಗಾಗಿ ಹಾಲಿನ ಮಾತು ಕೊನೆಗೆ ಸ್ವಲ್ಪ ಹೇಳುತ್ತೇನೆ. ಮೊದಲು ಮೈಗೆ ಎಣ್ಣೆ ಹಚ್ಚುವ ವಿಷಯ.

ನಾನು ಫಿಸಿಯೋಥೆರಪಿ ಓದಿದವಳು. ನಮ್ಮವರು ಕೆಲವರು ಎಣ್ಣೆನೀರು, ಅಂದರೆ ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು ಅಂದರೆ ಮುಖ ಸಿಂಡರಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಒಬ್ಬ ಹೆಂಗಸಿನ ಮೈಯನ್ನು ಇನ್ನೊಬ್ಬರು ಅಷ್ಟು ಹೊತ್ತು ನೋಡಿಕೊಳ್ಳುವುದು ಅವಳ ಇಡೀ ಜೀವನದಲ್ಲಿ ಬಸುರು, ಬಾಣಂತನದಲ್ಲಿ ಮಾತ್ರ. ಅದನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ? ನನ್ನ ತಕರಾರು ಎಣ್ಣೆಯ ಮೇಲಲ್ಲ, ಜೋರಿನ ಮೇಲೆ. ಗಟ್ಟಿಯಾಗಿ ತಿಕ್ಕಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಇದೆಯಲ್ಲ, ಅದು ಹೋಗಬೇಕು.

ಬಸುರಿನಿಂದ ಶುರು ಮಾಡೋಣ. ಹೊಟ್ಟೆ ಮುಂದೆ ಬಂದಂತೆ ಸೊಂಟ ಒಳಕ್ಕೆ ಬಾಗುತ್ತದೆ. ಕೀಲುಗಳನ್ನು ಹಿಡಿದಿರುವ ನಾರುಗಳೂ ಸಡಿಲವಾಗುತ್ತವೆ. ಅದರ ಮೇಲೆ ಕಡ್ಲೆಕಾಯಿ ಬಿಡಿಸುವುದು, ಹಾಲು ಕರೆಯುವುದು, ನೀರಿನ ಬಿಂದಿಗೆ. ನೋಯದೆ ಇರುತ್ತಾ? ಆಗ ಮೆಲ್ಲಗೆ ಮಸಾಜ್ ಮಾಡಿದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಅಷ್ಟು ಸಿಕ್ಕರೆ ಸಾಕಲ್ವಾ?

ಆದರೆ ಮಲಗಿಸುವ ರೀತಿ ಮುಖ್ಯ. ಐದು ತಿಂಗಳು ದಾಟಿದ ಮೇಲೆ ಅಂಗಾತ ಮಲಗಿಸಿ ಮಸಾಜ್ ಮಾಡಬೇಡಿ. ಗರ್ಭಕೋಶದ ಭಾರ ಬೆನ್ನುಮೂಳೆಯ ಪಕ್ಕ ಹೋಗುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಮ್ಮಿಯಾಗಿ ಬಿ.ಪಿ. ಇಳಿಯುತ್ತದೆ, ತಲೆ ಸುತ್ತುತ್ತದೆ. ಎಡ ಮಗ್ಗುಲಿಗೆ ಮಲಗಿಸಿ. ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಿಸಿದ ಹಳೆ ಸೀರೆ. ಹಿಂದೆ ಕೂತು ಅಂಗೈಯ ಬುಡದಿಂದ ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಎರಡೂ ಬದಿ ನಿಧಾನವಾಗಿ ಒತ್ತಿ, ಬಿಡಿ. ಬೆನ್ನುಮೂಳೆಯ ಮೇಲೆ ಒತ್ತಬೇಡಿ. ಅವಳು ಉಸಿರು ಬಿಗಿ ಹಿಡಿದಳು ಅಂದರೆ ಜೋರು ಜಾಸ್ತಿಯಾಯಿತು ಅಂತಲೇ ಅರ್ಥ. ಇದನ್ನು ಗಂಡ ಕಲಿತರೆ ಇನ್ನೂ ಒಳ್ಳೆಯದು. ಹೆರಿಗೆ ನೋವು ಬಂದಾಗಲೂ ಇದೇ ಜಾಗ ಒತ್ತಿದರೆ ಹಾಯೆನಿಸುತ್ತದೆ. ನೋವು ತಡೆದುಕೊಳ್ಳಲು ಮಸಾಜ್, ಬಿಸಿ ಶಾಖ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಹೇಳಿದೆ.

ಹೊಟ್ಟೆಯನ್ನು ಮಾತ್ರ ಯಾರೂ ಒತ್ತಬೇಡಿ. ಮಗು ತಿರುಗಿಸುತ್ತೇವೆ ಅಂತ ನೀವುವುದಂತೂ ಬೇಡವೇ ಬೇಡ. ಹಾಗೆ ಒತ್ತಿ ಮಾಸು, ಅಂದರೆ ಹೊಟ್ಟೆಯೊಳಗೆ ಮಗುವಿಗೆ ಆಹಾರ ಮುಟ್ಟಿಸುವ ಅಂಗ, ಮೊದಲೇ ಕಳಚಿಕೊಂಡರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಹರಳೆಣ್ಣೆ ಮೈಗೆ ಹಚ್ಚಿ, ಬಸುರಿಗೆ ಕುಡಿಸಬೇಡಿ. ಭೇದಿಯಾಗುತ್ತದೆ, ಹೊತ್ತಲ್ಲದ ಹೊತ್ತಲ್ಲಿ ನೋವು ಶುರುವಾಗಬಹುದು.

ಇನ್ನು ಕಾಲು. ಬಸುರಿಯ ಕಾಲು ಊದುವುದು ಸಾಮಾನ್ಯ. ಆದರೆ ಒಂದೇ ಕಾಲು ಊದಿದೆ, ಮೀನಖಂಡ ಬಿಸಿಯಾಗಿದೆ, ಮುಟ್ಟಿದರೆ ನೋವು ಅಂದರೆ ಕೈ ಹಾಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಅಂತ ಆ ಸಮಯದಲ್ಲಿ ದೇಹವೇ ರಕ್ತವನ್ನು ಬೇಗ ಹೆಪ್ಪುಗಟ್ಟುವ ಹಾಗೆ ಮಾಡಿಕೊಂಡಿರುತ್ತದೆ. ಆ ಗಡ್ಡೆಯನ್ನು ತಿಕ್ಕಿ ಕಳಚಿದರೆ ಅದು ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಹೆರಿಗೆಯಾದ ಮೇಲಿನ ಆರು ವಾರ ಈ ಭಯ ಇನ್ನೂ ಜಾಸ್ತಿ. ಮುಖ, ಕೈ ಊದಿ ತಲೆನೋವು, ಕಣ್ಣು ಮಂಜು ಅಂದರೂ ಅಷ್ಟೇ. ಬಿ.ಪಿ. ಏರಿರಬಹುದು. ಎಣ್ಣೆ ಬಟ್ಟಲು ಕೆಳಗಿಟ್ಟು 108ಕ್ಕೆ ಫೋನ್ ಮಾಡಿ.

ಈಗ ಅಜ್ಜಿಯರು ಕಾಯುತ್ತಿರುವ ಜಾಗಕ್ಕೆ ಬಂದೆ: ಬಚ್ಚಲುಮನೆ.

ಹಂಡೆ ತುಂಬ ಕುದಿಯುವ ನೀರು, ಚೆಂಬು ಎತ್ತಿ ಎತ್ತಿ ಹೊಟ್ಟೆಗೆ, ಸೊಂಟಕ್ಕೆ ರಪ್ಪನೆ ಹೊಡೆಯುವುದು, ಮುದ್ದೆ ತಿರುವಿದ ಹಾಗೆ ಹೊಟ್ಟೆ ನಾದುವುದು. ಹೊಟ್ಟೆ ಒಳಗೆ ಹೋಗಲಿ ಅಂತ ಇಷ್ಟೆಲ್ಲ. ಅದು ತಾನಾಗಿಯೇ ಹೋಗುತ್ತದೆ. ಎರಡು ವಾರದೊಳಗೆ ಗರ್ಭಕೋಶ ಸೊಂಟದ ಮೂಳೆಯೊಳಗೆ ಇಳಿಯುತ್ತದೆ, ಆರು ವಾರಕ್ಕೆ ಹೆಚ್ಚುಕಮ್ಮಿ ಮೊದಲಿನ ಗಾತ್ರಕ್ಕೆ ಬರುತ್ತದೆ. ಮಗು ಹಾಲು ಚೀಪಿದಾಗ ಹೊಟ್ಟೆ ಹಿಂಡಿದ ಹಾಗೆ ಆಗುತ್ತದಲ್ಲ, ಆ ಕೆಲಸ ನಡೆಯುತ್ತಿರುವುದೇ ಹಾಗೆ. ಮಾಸು ಬಿದ್ದ ಕೂಡಲೇ ನರ್ಸ್ ಹೊಟ್ಟೆ ಉಜ್ಜುತ್ತಾರೆ ನಿಜ. ಅದು ರಕ್ತಸ್ರಾವ ತಡೆಯುವುದಕ್ಕೆ. ಅದನ್ನು ನೋಡಿ ಮನೆಯಲ್ಲಿ ಮುಂದುವರಿಸುವುದಲ್ಲ.

ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ. ಮೊದಲೇ ರಕ್ತ ಕಮ್ಮಿ ಇದ್ದವರೂ ಇರುತ್ತಾರೆ. ಅಷ್ಟು ಬಿಸಿ ನೀರು ಬಿದ್ದಾಗ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಮಣೆಯ ಬದಲು ಎತ್ತರದ ಸ್ಟೂಲ್ ಇಡಿ, ಚಿಲಕ ಹಾಕಬೇಡಿ, ಮೊಣಕೈಗೆ ಹಿತ ಅನ್ನಿಸುವಷ್ಟೇ ಬಿಸಿ ಸಾಕು. ಆಪರೇಷನ್ ಆಗಿದ್ದರೆ ಹೊಲಿಗೆಯ ಹತ್ತಿರ ಎಣ್ಣೆ ಹೋಗಬಾರದು. ಭುಜ, ಕುತ್ತಿಗೆ, ಬೆನ್ನು, ಅಂಗಾಲು, ಇಷ್ಟಕ್ಕೆ ಹಚ್ಚಿ. ಕೂತು ಹಾಲು ಕೊಟ್ಟು ಕೊಟ್ಟು ಅವಳಿಗೆ ನಿಜವಾಗಿ ನೋಯುವುದು ಭುಜವೇ. ಯಾವ ಎಣ್ಣೆ ಅಂತ ಜಗಳ ಬೇಡ. ತಿಪಟೂರಿನವರು ಕೊಬ್ಬರಿ ಎಣ್ಣೆ ಅಂದರೆ ಅದೇ ಸರಿ, ನೀವು ಹರಳೆಣ್ಣೆ ಅಂದರೆ ಇದೂ ಸರಿ. ಚರ್ಮಕ್ಕೆ ಒಗ್ಗಬೇಕು, ಅಷ್ಟೇ.

ಸ್ನಾನ ಆದ ಮೇಲೆ ಸೀರೆಯಿಂದ ಹೊಟ್ಟೆ ಬಿಗಿಯುವುದು, ನೀರು ಕೊಡದೆ ಇರುವುದು, ಮಂಚದಿಂದ ಇಳಿಯಲು ಬಿಡದೆ ಇರುವುದು. ಈ ಮೂರಕ್ಕೂ ನನ್ನ ವಿರೋಧ ಇದೆ. ಬಿಗಿ ಜಾಸ್ತಿಯಾದರೆ ಭಾರವೆಲ್ಲ ಕೆಳಗೆ, ಮೂತ್ರಕೋಶದ ಕಡೆಗೆ ಬೀಳುತ್ತದೆ. ನೀರಿಲ್ಲದೆ ಮಲಗಿಯೇ ಇದ್ದರೆ ಆಗಲೇ ಹೇಳಿದ ರಕ್ತದ ಗಡ್ಡೆಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಮನೆಯೊಳಗೆ ಓಡಾಡಲಿ, ಕೇಳಿದಷ್ಟು ನೀರು ಕುಡಿಯಲಿ. ಸಾಂಬ್ರಾಣಿ ಹೊಗೆಯನ್ನು ದೇವರ ಮನೆಗೆ ಬಿಡಿ, ಕೂಸಿನ ಮುಖಕ್ಕೆ ಬೇಡ. ಕೂಸಿನ ಕಿವಿ, ಮೂಗಿಗೆ ಎಣ್ಣೆಯೂ ಬೇಡ.

ಹಾಲು ಕಟ್ಟಿಕೊಂಡರೂ ಇದೇ ಮಾತು. ಗಟ್ಟಿಯಾದ ಜಾಗವನ್ನು ಹಿಸುಕಿದರೆ ಊತ ಜಾಸ್ತಿಯಾಗುತ್ತದೆ. ಮಗುವಿಗೆ ಹಾಲು ಕೊಡುತ್ತಲೇ ಇರಿ, ತಣ್ಣೀರಿನ ಬಟ್ಟೆ ಇಡಿ, ಬೆರಳ ತುದಿಯಲ್ಲಿ ಸುಮ್ನೆ ಸವರಿ. ಜ್ವರ ಬಂದರೆ ಆಸ್ಪತ್ರೆ.

ನಮ್ಮ ತುಮಕೂರು ಜಿಲ್ಲೆಯವರಿಗೆ ಸೂಲಗಿತ್ತಿ ನರಸಮ್ಮನವರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಪಾವಗಡ ತಾಲೂಕಿನ ಕೃಷ್ಣಾಪುರದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇವತ್ತು ಹೆರಿಗೆಯೆಲ್ಲ ಆಸ್ಪತ್ರೆಗೆ ಹೋಗಿದೆ, ಹೋಗಲೇಬೇಕು. ಆದರೆ ಅವರಂಥ ಸೂಲಗಿತ್ತಿಯರು ಬರೀ ಹೆರಿಗೆ ಮಾಡಿಸಿ ಎದ್ದು ಹೋಗುತ್ತಿರಲಿಲ್ಲ, ಬಾಣಂತಿಯ ಹತ್ತಿರ ಕೂತು ಮಾತಾಡಿಸುತ್ತಿದ್ದರು. ಆ ಭಾಗ ಆಸ್ಪತ್ರೆಗೆ ಹೋಗಿಲ್ಲ. ಅದು ಈಗಲೂ ನಿಮ್ಮ ಕೈಯಲ್ಲೇ ಇದೆ. ಎಣ್ಣೆ ಹಚ್ಚುವಾಗ ಅವಳು ಸುಮ್ಮಸುಮ್ಮನೆ ಅಳುತ್ತಾಳಾ, ಮಗು ಬೇಡ ಅನ್ನುತ್ತಾಳಾ, ಮಗು ಮಲಗಿದರೂ ತಾನು ಮಲಗುವುದಿಲ್ಲವಾ, ಗಮನಿಸಿ. ಎರಡು ವಾರ ಕಳೆದರೂ ಹಾಗೇ ಇದ್ದರೆ ಕೊಬ್ಬು ಅನ್ನಬೇಡಿ. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮನೆಗೆ ಬರುವ ಆಶಾ ಕಾರ್ಯಕರ್ತೆ ಅಕ್ಕನಿಗೂ ಹೇಳಿ. ಹೆರಿಗೆಯಾದ 3, 7, 14, 21, 28, 42ನೇ ದಿನ ಅವರು ಬಂದೇ ಬರಬೇಕು.

ಸರಿ, ಈಗ ಆ ಚಾಪೆ ಹಾಸಿ. ದಿಂಬು ಎರಡು ಬೇಕು. ಯಾರಾದರೂ ಒಬ್ಬ ಬಸುರಿ, ಜೊತೆಗೆ ಅವಳ ಅತ್ತೆಯೇ ಮುಂದೆ ಬರಲಿ. ಸೊಂಟದ ಯಾವ ಜಾಗ, ಎಷ್ಟು ಒತ್ತಬೇಕು ಅಂತ ನೀವೇ ಮಾಡಿ ನೋಡಿ. ಬಾಗಿಲ ಹತ್ತಿರ ನಿಂತಿರುವ ಗಂಡಸರು ಹೋಗಬೇಡಿ, ಒಳಗೆ ಬನ್ನಿ.