ಭೂಮಿ ಸುತ್ತಿ ಬನ್ನಿ, ವಯಸ್ಸಿನ ಪಂದ್ಯ ಬೇಡ

ನಮಸ್ಕಾರ. ಚಿಕ್ಕಬಳ್ಳಾಪುರದಿಂದ ಮಾತಾಡ್ತಾ ಇದ್ದೇನೆ. 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ಮೇಲೆ ನಮ್ಮ ಕಡೆ ವಿಮಾನ ಯಾರಿಗೂ ವಿಶೇಷ ಅಲ್ಲ. ಆದರೆ ಒಂದೇ ಇಂಜಿನ್‌ನ ಸಣ್ಣ ವಿಮಾನ ಗುರ್ ಅಂತ ಹೋಗಲಿ, ಬಿ.ಬಿ. ರೋಡ್‌ನಲ್ಲಿ ಹೂವಿನ ಮೂಟೆ ಇಳಿಸುತ್ತಿರುವವರೂ ಒಂದು ಸಲ ಮೇಲೆ ನೋಡುತ್ತಾರೆ. ಅಂಥ ವಿಮಾನದಲ್ಲಿ ಇಡೀ ಭೂಮಿಗೆ ಒಂದು ಸುತ್ತು ಹಾಕಿ ಬರುವವರಿದ್ದಾರೆ. ಅವರ ಧೈರ್ಯಕ್ಕೆ ಕೈ ಮುಗಿಯಬೇಕು. ನನ್ನ ತಕರಾರು ಇರುವುದು ನಾವು ಅವರಿಗೆ ಕೊಡುವ ಒಂದು ಬಿರುದಿನ ಮೇಲೆ: ‘ಅತಿ ಕಿರಿಯ’.

ಮೊದಲು ಸ್ವಲ್ಪ ಲೆಕ್ಕ ಹೇಳಿಬಿಡುತ್ತೇನೆ. ಸೆಸ್ನಾ 172 ಅಂತ ನಾಲ್ಕು ಸೀಟಿನ ವಿಮಾನ ಇದೆ. ಪ್ರಪಂಚದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ ಅದೇ. ವೇಗ ಗಂಟೆಗೆ ಸುಮಾರು 220 ಕಿ.ಮೀ. ಟ್ಯಾಂಕಿಗೆ ಹಿಡಿಯುವುದು 200 ಲೀಟರ್ ಆಸುಪಾಸು. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ನಾಗಪುರದ ಹತ್ತಿರ ಇಳಿಯಲೇಬೇಕು. ದೆಹಲಿ ಒಂದೇ ಏಟಿಗೆ ಆಗಲ್ಲ. ಹಾಗಾಗಿ ಭೂಮಿ ಸುತ್ತುವುದು ಅಂದರೆ ನಮ್ಮ ಶಟಲ್ ಬಸ್ ಥರ ನಿಂತು ನಿಂತು ಹೋಗುವುದು.

ನೆಲದ ಮೇಲೆ ಇದು ಪರವಾಗಿಲ್ಲ. ಸಮುದ್ರ ಬಂದಾಗ ಏನು ಮಾಡುವುದು? ಅಟ್ಲಾಂಟಿಕ್ ದಾಟುವವರು ಉತ್ತರಕ್ಕೆ ಹತ್ತುತ್ತಾರೆ. ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡ್, ಅಲ್ಲಿಂದ ಗ್ರೀನ್‌ಲ್ಯಾಂಡ್, ಆಮೇಲೆ ಕೆನಡಾ. 2019ರ ಮೇ ತಿಂಗಳಲ್ಲಿ ಮುಂಬೈನ ಆರೋಹಿ ಪಂಡಿತ್ ಒಬ್ಬರೇ ಹಗುರ ವಿಮಾನದಲ್ಲಿ ದಾಟಿದ್ದು ಇದೇ ದಾರಿಯಲ್ಲಿ. ಈ ದಾರಿ ಯುದ್ಧ ಕೊಟ್ಟ ಕೊಡುಗೆ. ಗ್ರೀನ್‌ಲ್ಯಾಂಡಿನ ನಾರ್ಸಾರ್ಸುವಾಕ್ ರನ್‌ವೇ ಕೆಲಸವನ್ನು ಅಮೆರಿಕದವರು 1941ರಲ್ಲಿ ಶುರು ಮಾಡಿದ್ದು, ವಿಮಾನಗಳನ್ನು ಹಂತ ಹಂತವಾಗಿ ಬ್ರಿಟನ್ನಿಗೆ ಸಾಗಿಸಲಿಕ್ಕೆ. ಕೆಳಗಿನ ನೀರು ಎಷ್ಟು ತಣ್ಣಗೆ ಅಂದರೆ, ನೀರನ್ನು ಒಳಗೆ ಬಿಡದ ರಬ್ಬರ್ ಸೂಟು ಹಾಕಿಕೊಂಡೇ ಪೈಲಟ್ ಸೀಟಿನಲ್ಲಿ ಕೂರುತ್ತಾರೆ. ಬಿದ್ದ ಮೇಲೆ ಹಾಕಿಕೊಳ್ಳೋಣ ಅಂದರೆ ಟೈಮ್ ಎಲ್ಲಿರುತ್ತೆ?

ಪೆಸಿಫಿಕ್ ಇನ್ನೂ ಕಷ್ಟ. ಕ್ಯಾಲಿಫೋರ್ನಿಯಾಕ್ಕೂ ಹವಾಯಿಗೂ ನಡುವೆ 3,800 ಕಿ.ಮೀ. ಬರೀ ನೀರು. ಅದಕ್ಕೆ ಸೀಟು ಕಿತ್ತುಹಾಕಿ ಒಳಗೇ ಪೆಟ್ರೋಲ್ ಟ್ಯಾಂಕ್ ಕೂರಿಸುತ್ತಾರೆ.

ಹಾಗೆ ಟ್ಯಾಂಕ್ ಪಕ್ಕದಲ್ಲೇ ಕೂತು ಹೋದವರು ಜೆರ್ರಿ ಮಾಕ್. ಅಮೆರಿಕದ ಒಹಾಯೋದ ಗೃಹಿಣಿ, ಮೂರು ಮಕ್ಕಳ ತಾಯಿ, ವಯಸ್ಸು 38. 1964ರ ಮಾರ್ಚ್ 19ರಂದು ಒಂಟಿ ಇಂಜಿನ್‌ನ ಸೆಸ್ನಾ 180ರಲ್ಲಿ ಹೊರಟು 29 ದಿನದಲ್ಲಿ ಭೂಮಿ ಸುತ್ತಿ ಬಂದರು. ಒಬ್ಬಂಟಿಯಾಗಿ ಇದನ್ನು ಮಾಡಿದ ಮೊದಲ ಮಹಿಳೆ. ನಮ್ಮ ದೆಹಲಿ, ಕಲ್ಕತ್ತದಲ್ಲೂ ಇಳಿದು ಹೋಗಿದ್ದರು. ಲಿಬಿಯಾದ ಮರಳುಗಾಡಿನ ಮೇಲೆ ಹೋಗುವಾಗ ಮೂಗಿಗೆ ವೈರ್ ಸುಟ್ಟ ವಾಸನೆ ಬಡಿಯಿತು. ರೇಡಿಯೋದ ಆಂಟೆನಾ ಎಳೆಯುವ ಮೋಟಾರು ನಿಲ್ಲದೆ ತಿರುಗಿ ಕಾದುಹೋಗಿತ್ತು. ಕ್ಯಾಬಿನ್ ತುಂಬಾ ಪೆಟ್ರೋಲು, ಇಳಿಯೋಣ ಅಂದರೆ ಕೆಳಗೆ ಬರೀ ಮರಳು. ಸ್ವಿಚ್ ಆಫ್ ಮಾಡಿ, ವಾಸನೆ ಹೋಗುವವರೆಗೆ ಕಾದರು. ಇಷ್ಟೇ ಮಾಡಿದ್ದು. ಆದರೆ ಆ ಹೊತ್ತಿನಲ್ಲಿ ಗಾಬರಿಯಾಗದೆ ಸರಿಯಾದ ಸ್ವಿಚ್ಚಿಗೆ ಕೈ ಹಾಕುವುದಿದೆಯಲ್ಲ, ಅದು ಸುಮ್ನೆ ಬರಲ್ಲ.

ಇಷ್ಟೆಲ್ಲ ಇದ್ದೂ ಅವರ ತಲೆ ತಿಂದಿದ್ದು ಇನ್ನೊಂದು ವಿಷಯ. ಅವರಿಗಿಂತ ಎರಡು ದಿನ ಮೊದಲು ಜೋನ್ ಮೆರಿಯಮ್ ಸ್ಮಿತ್ ಅನ್ನುವ ಇನ್ನೊಬ್ಬ ಮಹಿಳೆ ಇದೇ ಕೆಲಸಕ್ಕೆ ಹೊರಟಿದ್ದರು. ಜೆರ್ರಿಯ ಗಂಡ ಫೋನ್ ಮಾಡಿದಾಗೆಲ್ಲ ಒಂದೇ ರಾಗ: ಬೇಗ ಹೊರಡು, ಅವಳು ಮುಂದೆ ಹೋಗ್ತಿದ್ದಾಳೆ. ಹವಾಮಾನ ಕೆಟ್ಟು ಬರ್ಮುಡಾದಲ್ಲಿ ಕೂತವರಿಗೆ ಮನೆಯಿಂದ ಈ ಉಪದೇಶ! ಮನೆಯಲ್ಲಿ ಕೂತವರಿಗೆ ಅಲ್ಲಿನ ಮೋಡ ಕಾಣುತ್ತಾ?

ಈ ಅವಸರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದನ್ನು 1996 ತೋರಿಸಿತು. ಜೆಸಿಕಾ ಡುಬ್ರಾಫ್, ಏಳು ವರ್ಷದ ಹುಡುಗಿ. ಅಮೆರಿಕದ ಈ ತುದಿಯಿಂದ ಆ ತುದಿಗೆ ಹಾರಿದ ‘ಅತಿ ಕಿರಿಯ’ಳನ್ನಾಗಿ ಮಾಡಬೇಕು ಅಂತ ಹೊರಟರು. ಜೊತೆಗೆ ಅಪ್ಪ ಮತ್ತು ತರಬೇತುದಾರ. ದಾರಿಯುದ್ದಕ್ಕೂ ಟಿ.ವಿ. ಸಂದರ್ಶನಗಳು ಫಿಕ್ಸ್ ಆಗಿದ್ದವು. ಎರಡನೇ ದಿನ, ಏಪ್ರಿಲ್ 11ರ ಬೆಳಗ್ಗೆ, ವಯೋಮಿಂಗ್ ರಾಜ್ಯದ ಶೈಯೆನ್‌ನಲ್ಲಿ ಗುಡುಗು ಮಳೆ. ವಿಮಾನದಲ್ಲಿ ಮಿತಿಗಿಂತ ಜಾಸ್ತಿ ಭಾರ. ಆದರೂ ಹಾರಿದರು. ಸ್ವಲ್ಪ ಹೊತ್ತಿಗೇ ವಿಮಾನ ಬಿತ್ತು, ಮೂವರೂ ಹೋದರು. ತನಿಖೆ ಮಾಡಿದವರು ತರಬೇತುದಾರನ ತಪ್ಪು ನಿರ್ಧಾರ ಅಂದರು. ಅತಿಯಾದ ವೇಳಾಪಟ್ಟಿ ಮತ್ತು ಮಾಧ್ಯಮದವರಿಗೆ ಕೊಟ್ಟ ಮಾತು ಕೂಡ ಕಾರಣ ಅಂತ ವರದಿಯಲ್ಲೇ ಬರೆದರು. ಅದೇ ವರ್ಷ ಅಮೆರಿಕದಲ್ಲಿ ಇಂಥ ದಾಖಲೆಗೆ ಲೈಸೆನ್ಸ್ ಇಲ್ಲದ ಮಕ್ಕಳ ಕೈಗೆ ವಿಮಾನ ಕೊಡದಂತೆ ಕಾನೂನು ಬಂತು.

‘ಅದು ಏಳು ವರ್ಷದ ಮಗು. ಈಗಿನವರು ಲೈಸೆನ್ಸ್ ಇರುವವರು’ ಅನ್ನಬಹುದು. ನಿಜ. ಬೆಲ್ಜಿಯಂನ ಜಾರಾ ರದರ್‌ಫರ್ಡ್ 19ರ ಹುಡುಗಿ. 2021ರ ಆಗಸ್ಟ್‌ನಲ್ಲಿ ಪುಟ್ಟ ಶಾರ್ಕ್ ವಿಮಾನದಲ್ಲಿ ಒಬ್ಬಳೇ ಭೂಮಿ ಸುತ್ತಲು ಹೊರಟವಳು ಮೂರು ತಿಂಗಳಲ್ಲಿ ಬರಬೇಕಿತ್ತು. ಬಂದಿದ್ದು 155 ದಿನಕ್ಕೆ. ಕಣ್ಣಿಗೆ ಹೊರಗಿನದು ಕಂಡರೆ ಮಾತ್ರ ಹಾರಬಹುದಾದ ವಿಮಾನ ಅದು, ಮೋಡದೊಳಗೆ ನುಗ್ಗುವ ಹಾಗಿಲ್ಲ. ಅಲಾಸ್ಕಾದ ನೋಮ್‌ನಲ್ಲಿ, ಆಮೇಲೆ ಸೈಬೀರಿಯಾದ ಅಯಾನ್ ಅನ್ನುವ ಪುಟ್ಟ ಊರಲ್ಲಿ, ವಾರಗಟ್ಟಲೆ ಕೂತಳು. ಶಭಾಷ್ ಅನ್ನಬೇಕಾದ್ದು ಇಲ್ಲಿಗೆ.

ಆದರೆ ಅವಳು ಅಷ್ಟು ದಿನ ಕೂರಲಿಕ್ಕೆ ಒಂದು ಅನುಕೂಲ ಇತ್ತು. ಅವಳಿಗಿಂತ ಮುಂಚೆ ಮಹಿಳೆಯರಲ್ಲಿ ಒಬ್ಬಂಟಿಯಾಗಿ ಭೂಮಿ ಸುತ್ತಿದ ‘ಅತಿ ಕಿರಿಯ’ಳ ದಾಖಲೆ ಇದ್ದದ್ದು 30 ವರ್ಷದ ಶಾಯಿಸ್ತಾ ವಾಯಿಜ್ ಹೆಸರಲ್ಲಿ. ನಡುವೆ ಹನ್ನೊಂದು ವರ್ಷದ ಅಂತರ. ಒಂದು ವರ್ಷ ತಡವಾದರೂ ದಾಖಲೆ ಅವಳದೇ. ಹುಡುಗರ ಕಡೆ ನೋಡಿ. 2021ರಲ್ಲಿ ಟ್ರಾವಿಸ್ ಲಡ್ಲೋ, 18 ವರ್ಷ. 2022ರಲ್ಲಿ ಜಾರಾಳ ತಮ್ಮ ಮ್ಯಾಕ್, 17 ವರ್ಷ. ದಾಖಲೆ ಮುರಿದಷ್ಟೂ ಮುಂದಿನವನಿಗೆ ಕಾಯಲು ಸಿಗುವ ದಿನಗಳು ಕಮ್ಮಿಯಾಗುತ್ತವೆ. ಬೇರೆ ದಾಖಲೆಗಳಲ್ಲಿ ಈ ಸಲ ಆಗಲಿಲ್ಲ ಅಂದರೆ ಮುಂದಿನ ವರ್ಷ ನೋಡೋಣ ಅನ್ನಬಹುದು. ವಯಸ್ಸಿನ ಪಂದ್ಯದಲ್ಲಿ ಆ ಮಾತೇ ಇಲ್ಲ. ಹುಟ್ಟುಹಬ್ಬ ಬಂತೋ, ಕಥೆ ಮುಗೀತು. ನಮ್ಮ ದೇಶದಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಸಿಗುವುದೇ 17ಕ್ಕೆ. ಅಂದರೆ ದಾಖಲೆ ಈಗಾಗಲೇ ಲೈಸೆನ್ಸಿನ ವಯಸ್ಸಿಗೆ ಬಂದು ಮುಟ್ಟಿದೆ.

ಇದು ನಮಗೆ ಸಂಬಂಧ ಇಲ್ಲದ ವಿಷಯ ಅನ್ನಬೇಡಿ. ನಮ್ಮೂರ ಸರ್ಕಲ್ಲಿನಲ್ಲಿ ನಿಂತು ಫ್ಲೆಕ್ಸ್ ಓದಿ. ಮೂರು ವರ್ಷಕ್ಕೆ ಜಿಲ್ಲೆಗಳ ಹೆಸರು ಒಪ್ಪಿಸಿದ್ದು, ನಾಲ್ಕು ವರ್ಷಕ್ಕೆ ಇನ್ನೇನೋ. ಪಾಪ, ಮಗು ನಿದ್ದೆಗಣ್ಣಲ್ಲಿ ಸರ್ಟಿಫಿಕೇಟ್ ಹಿಡಿದು ನಿಂತಿರುತ್ತದೆ. ಜಿಲ್ಲೆಯ ಹೆಸರು ತಪ್ಪಿದರೆ ಯಾರಿಗೂ ಏನೂ ಆಗಲ್ಲ. ವಿಮಾನದಲ್ಲಿ ಹಾಗಲ್ಲ.

ಚಿಕ್ಕವರು ಮಾಡಿದರೆ ತಾನೇ ಸ್ಫೂರ್ತಿ ಅನ್ನುವವರಿಗೆ ಒಂದು ನೆನಪಿಸುತ್ತೇನೆ. 2007ರಲ್ಲಿ ನಮ್ಮ ವಾಯುಪಡೆಯ ರಾಹುಲ್ ಮೋಂಗಾ ಮತ್ತು ಅನಿಲ್ ಕುಮಾರ್ ಮೈಕ್ರೋಲೈಟ್ ಅನ್ನುವ ಅತಿ ಹಗುರ ವಿಮಾನದಲ್ಲಿ 79 ದಿನಕ್ಕೆ ಭೂಮಿ ಸುತ್ತಿದರು. ಇಬ್ಬರೂ ವಿಂಗ್ ಕಮಾಂಡರ್‌ಗಳು, ಪಳಗಿದ ಕೈಗಳು. ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಅವರು 17 ವರ್ಷದವರಾಗಿದ್ದರೆ ವಾರವಿಡೀ ಟಿ.ವಿ.ಯಲ್ಲಿ ಬರುತ್ತಿತ್ತು.

ನನ್ನ ಕೇಳಿದರೆ, 17ಕ್ಕೇ ಈ ಪಟ್ಟಿಗೆ ಬೀಗ ಹಾಕಲಿ. ಮ್ಯಾಕ್ ಹೆಸರು ಅಲ್ಲೇ ಇರಲಿ, ಹುಡುಗ ಕಷ್ಟಪಟ್ಟು ತಗೊಂಡಿದ್ದಾನೆ. ಆಮೇಲೆ ಹೋಗುವವರು 25ಕ್ಕೆ ಹೋಗಲಿ, 60ಕ್ಕೆ ಹೋಗಲಿ. ಹಣ ಹಾಕುವ ಕಂಪನಿಗಳಿಗೂ ಒಂದು ಮಾತು. ವಾಪಸ್ ಬರುವ ದಿನಾಂಕವನ್ನು ಪೋಸ್ಟರ್ ಮೇಲೆ ಹಾಕಬೇಡಿ. ಹೊರಡುವ ದಿನ ಹಾಕಿ ಸಾಕು. ಅದರ ಕೆಳಗೂ ‘ಮೋಡ ಇಲ್ಲದಿದ್ದರೆ’ ಅಂತ ಸೇರಿಸಿ.